ಹಟ, ರಚ್ಚೆ, ಹೋಮ್‌ವರ್ಕ್: ಬಹುಮಾನ ಕೊಡಬೇಕೋ, ಶಿಕ್ಷಿಸಬೇಕೋ, ಸುಮ್ಮನಿರಬೇಕೋ?

ಮಕ್ಕಳನ್ನು ತಿದ್ದುವ ವಿಷಯದಲ್ಲಿ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಅಜ್ಜಿ "ಪಾಪ, ಕೊಟ್ಟುಬಿಡು" ಅನ್ನುತ್ತಾರೆ. ಪಕ್ಕದ ಮನೆಯವರು "ಎರಡು ಬಿಟ್ಟರೆ ಸರಿಹೋಗುತ್ತಾನೆ" ಅನ್ನುತ್ತಾರೆ. ಶಾಲೆಯ ಮೇಡಂ ಸ್ಟಾರ್ ಚಾರ್ಟ್ ಹಾಕಿ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಇನ್ನೊಬ್ಬರು ಆ ಕಡೆ ನೋಡಲೇಬೇಡಿ ಅನ್ನುತ್ತಾರೆ. ತಮಾಷೆ ಏನೆಂದರೆ, ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಯಾವುದೋ ಒಂದು ಮಗುವಿಗೆ, ಯಾವುದೋ ಒಂದು ಸಲ ಆ ಉಪಾಯ ನಾಟಿರುತ್ತದೆ. ನಿಮ್ಮ ಮನೆಯ ಈ ಹಟಕ್ಕೆ ಯಾವುದು ನಾಟುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಈ ಪ್ರಶ್ನೆಯನ್ನೇ ಹಿಡಿದು ನೂರು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ ಒಂದು ಶಾಸ್ತ್ರ ಇದೆ. ಅದು ಬಿಹೇವಿಯರ್ ಅನಾಲಿಸಿಸ್, ಅಂದರೆ ನಡವಳಿಕೆಯ ವಿಶ್ಲೇಷಣೆ. ಬಿ.ಎಡ್‌ಗೋ ಟಿಇಟಿಗೋ ಓದಿದವರಿಗೆ ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಹೀಗೆ ಪ್ರಾಣಿಗಳು ಹೇಗೆ ಕಲಿಯುತ್ತವೆ ಅಂತ ನೋಡಿದ ಪ್ರಯೋಗಗಳೆಲ್ಲ ನೆನಪಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಅವು ನೋಟ್ಸಿನಲ್ಲೇ ಉಳಿಯುತ್ತವೆ, ಅಷ್ಟೇ. ಅವುಗಳನ್ನು ಮನೆಗೂ ತರಗತಿಗೂ ತಂದರೆ ನಮ್ಮ ಮುಂದೆ ಇರುವ ದಾರಿಗಳು ಯಾವುವು, ಯಾವಾಗ ಯಾವುದನ್ನು ಹಿಡಿಯಬೇಕು ಅನ್ನುವುದೇ ಇಲ್ಲಿನ ವಿಷಯ.

ಆರಿಸುವ ಮೊದಲು: ಅವನಿಗೆ ಏನು ಸಿಗುತ್ತಿದೆ?

ಮೂರನೇ ಕ್ಲಾಸು, ಗಣಿತದ ಪೀರಿಯಡ್ ಅಂದುಕೊಳ್ಳಿ. ಇಬ್ಬರು ಹುಡುಗರು ದಿನಾ ಬೆಂಚು ಬಡಿಯುತ್ತಾರೆ. ಮೇಷ್ಟ್ರು ಇಬ್ಬರಿಗೂ ಒಂದೇ ಶಿಕ್ಷೆ ಕೊಡುತ್ತಾರೆ: "ಹೋಗಿ ಹೊರಗೆ ನಿಲ್ಲು." ಒಬ್ಬ ಸ್ವಲ್ಪ ದಿನಕ್ಕೆ ಸರಿಹೋಗುತ್ತಾನೆ. ಇನ್ನೊಬ್ಬ ಮುಂಚಿಗಿಂತ ಜೋರಾಗಿ ಬಡಿಯುತ್ತಾನೆ. ಮೊದಲನೆಯವನಿಗೆ ಬೇಕಿದ್ದದ್ದು ಗೆಳೆಯರ ನಗು. ಹೊರಗೆ ನಿಂತರೆ ಅದು ಸಿಗುವುದಿಲ್ಲ. ಎರಡನೆಯವನಿಗೆ ಭಾಗಾಕಾರ ಬರುವುದಿಲ್ಲ. ಬೋರ್ಡಿನ ಹತ್ತಿರ ಕರೆಯುವ ಮೊದಲೇ ಹೊರಗೆ ಹೋದರೆ ಮಾನ ಉಳಿಯಿತು. ಮೇಷ್ಟ್ರು ಶಿಕ್ಷೆ ಅಂತ ಕೊಟ್ಟದ್ದು ಅವನಿಗೆ ರಜೆ ಆಯಿತು.

ಹಾಗಾಗಿ ಯಾವ ದಾರಿ ಒಳ್ಳೆಯದು ಅಂತ ಕೇಳುವ ಮೊದಲು ಈ ಗಲಾಟೆಯಿಂದ ಮಗುವಿಗೆ ಏನು ಸಿಗುತ್ತಿದೆ ಅಂತ ನೋಡಬೇಕು. ಹೆಚ್ಚಿನ ಸಲ ನಾಲ್ಕರಲ್ಲಿ ಒಂದು ಇರುತ್ತದೆ. ಯಾರದಾದರೂ ಗಮನ ಸಿಗಬಹುದು. ಮೊಬೈಲು, ಚಾಕೊಲೇಟಿನಂಥ ಒಂದು ವಸ್ತು ಸಿಗಬಹುದು. ಬೇಡದ ಕೆಲಸ ತಪ್ಪಬಹುದು. ಇಲ್ಲವೇ ಆ ನಡವಳಿಕೆಯಿಂದಲೇ ಮೈಗೆ ಹಿತ ಆಗಬಹುದು, ಹೆಬ್ಬೆಟ್ಟು ಚೀಪುವ ಹಾಗೆ, ಉಗುರು ಕಚ್ಚುವ ಹಾಗೆ.

1982ರಲ್ಲಿ ಅಮೆರಿಕದ ಬ್ರಯಾನ್ ಇವಾಟಾ ಮತ್ತು ಅವರ ಜೊತೆಗಾರರು ಇದನ್ನು ನೇರವಾಗಿ ಪರೀಕ್ಷೆ ಮಾಡಿ ನೋಡಿದರು. ತಮಗೆ ತಾವೇ ಪೆಟ್ಟು ಮಾಡಿಕೊಳ್ಳುತ್ತಿದ್ದ 9 ಮಕ್ಕಳು. ಪ್ರತಿ ಮಗುವನ್ನೂ 15 ನಿಮಿಷದ ಬೇರೆ ಬೇರೆ ಸಂದರ್ಭಗಳಲ್ಲಿ ಇಟ್ಟರು. ಒಮ್ಮೆ ಪಾಠದ ಕೆಲಸ ಕೊಟ್ಟರು. ಒಮ್ಮೆ ಒಬ್ಬರನ್ನೇ ಬಿಟ್ಟರು. ಒಮ್ಮೆ ಪೆಟ್ಟು ಮಾಡಿಕೊಂಡ ಕೂಡಲೇ "ಹಾಗೆ ಮಾಡಬೇಡ" ಅಂತ ಕಾಳಜಿ ತೋರಿಸಿದರು. ಒಮ್ಮೆ ಸುಮ್ಮನೆ ಆಟ ಆಡಿಸಿದರು. ಹೊರಗಿನಿಂದ ನೋಡಿದರೆ ಎಲ್ಲರದ್ದೂ ಒಂದೇ ತೊಂದರೆ. ಆದರೆ ಒಂದು ಮಗುವಿಗೆ ಪಾಠದ ಹೊತ್ತಿನಲ್ಲಿ ಜಾಸ್ತಿ, ಇನ್ನೊಂದಕ್ಕೆ ಒಂಟಿಯಾಗಿದ್ದಾಗ ಜಾಸ್ತಿ. ಕಾರಣ ಬೇರೆಯಾದರೆ ಮದ್ದೂ ಬೇರೆ ಅಲ್ವಾ?

ಮನೆಯಲ್ಲಿ ಇಷ್ಟೆಲ್ಲ ಬೇಡ. ಒಂದು ನೋಟ್‌ಬುಕ್ಕು ಸಾಕು. ಪ್ರತಿ ಗಲಾಟೆಗೂ ಮೂರು ಸಾಲು ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಉದಾಹರಣೆಗೆ ಹೀಗೆ: "ಸಂಜೆ 7.10. ಟಿವಿ ಆಫ್ ಮಾಡಿ ಊಟಕ್ಕೆ ಬಾ ಅಂದೆ. ನೆಲಕ್ಕೆ ಬಿದ್ದು ಕಾಲು ಒದರಿದ. ಅಜ್ಜಿ ಬಂದು ಟಿವಿ ಮುಂದೆಯೇ ತುತ್ತು ಕೊಟ್ಟರು." ಇಲ್ಲಿ "ಹಟಮಾರಿ", "ಸೊಕ್ಕು", "ಬೇಕಂತಲೇ ಮಾಡಿದ" ಅಂತೆಲ್ಲ ಬರೆಯಬಾರದು. ಅದು ನಮ್ಮ ತೀರ್ಪು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಿರಿ. ಒಂದು ವಾರದ ಸಾಲುಗಳನ್ನು ಒಟ್ಟಿಗೆ ಓದಿದರೆ ಮೂರನೇ ಸಾಲು ಬಹಳ ಸಲ ಒಂದೇ ಇರುತ್ತದೆ.

ಒಮ್ಮೊಮ್ಮೆ ಮೊದಲನೇ ಸಾಲೇ ಎಲ್ಲ ಹೇಳಿಬಿಡುತ್ತದೆ. ಗಲಾಟೆ ಯಾವಾಗಲೂ ಶಾಲೆಯಿಂದ ಬಂದ ಅರ್ಧ ಗಂಟೆಯೊಳಗೇ ಆಗುತ್ತಿದ್ದರೆ ಮಗುವಿಗೆ ಹಸಿವಾಗಿರಬಹುದು. ಒಂದು ಬಾಳೆಹಣ್ಣು ಮೊದಲು ಕೊಟ್ಟು, ಹೋಮ್‌ವರ್ಕನ್ನು ಆರು ಗಂಟೆಗೆ ಹಾಕಿ ನೋಡಿ. ಮುಂದಿನ ಯಾವ ದಾರಿಯೂ ಬೇಕಾಗದೇ ಹೋಗಬಹುದು. ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ಎಲ್ಲರೂ ನೇರ ಬಹುಮಾನ, ಶಿಕ್ಷೆಗೇ ಹೋಗುತ್ತಾರೆ.

ಇನ್ನು ದಾರಿಗಳು. ಮಗು ಏನೋ ಮಾಡಿದ ಮೇಲೆ ನಾವು ಅದಕ್ಕೆ ಏನನ್ನಾದರೂ ಕೊಡಬಹುದು, ಅಥವಾ ಅದರಿಂದ ಏನನ್ನಾದರೂ ತೆಗೆಯಬಹುದು. ಅದರಿಂದ ಆ ನಡವಳಿಕೆ ಹೆಚ್ಚಾಗಬಹುದು, ಇಲ್ಲವೇ ಕಮ್ಮಿಯಾಗಬಹುದು. ಹೆಚ್ಚಾದರೆ ಅದು ಪುನರ್ಬಲನ, ಕಮ್ಮಿಯಾದರೆ ಶಿಕ್ಷೆ. ಮೊದಲಿನಿಂದ ಸಿಗುತ್ತಿದ್ದುದನ್ನು ನಿಲ್ಲಿಸಿಬಿಡುವುದು ಇನ್ನೊಂದು ದಾರಿ. ನಾವು ಯಾವ ಉದ್ದೇಶದಿಂದ ಮಾಡಿದೆವು ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬೈದಷ್ಟೂ ಜಾಸ್ತಿ ಮಾಡುತ್ತಿದ್ದರೆ ಆ ಬೈಗುಳವೇ ಅವನಿಗೆ ಬಹುಮಾನ. ಬೆಳಗ್ಗೆಯಿಂದ ಫೋನಿನಲ್ಲಿ ಮುಳುಗಿರುವ ಅಪ್ಪ ಬೈಯುವುದಕ್ಕಾದರೂ ತಲೆ ಎತ್ತಿ ನೋಡಿದರಲ್ಲ.

ಬಹುಮಾನ: ಹೊಸದನ್ನು ಕಲಿಸಲು ನನ್ನ ಮೊದಲ ಆಯ್ಕೆ, ಆದರೆ ಕೊಡುವ ರೀತಿ ಗೊತ್ತಿರಬೇಕು

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಬಿಟ್ಟು, ಆಹಾರವನ್ನು ಹೊರಗೆ ಇಡುತ್ತಿದ್ದರು. ಬೆಕ್ಕು ಪರಚಿ, ಕಚ್ಚಿ, ಹೊರಳಾಡಿ, ಹೇಗೋ ಅಗಳಿ ತೆಗೆದು ಹೊರಗೆ ಬರುತ್ತಿತ್ತು. ಮತ್ತೆ ಮತ್ತೆ ಬಿಟ್ಟಾಗ ಬೇಡದ ಚಡಪಡಿಕೆ ಕಮ್ಮಿಯಾಗುತ್ತಾ ಬಂತು, ಅಗಳಿ ತೆಗೆಯುವುದು ಬೇಗ ಬೇಗ ಆಯಿತು. ಫಲ ಕೊಟ್ಟದ್ದು ಉಳಿಯಿತು, ಕೊಡದ್ದು ಉದುರಿತು. ಬೆಕ್ಕಿಗೆ ಯಾರೂ ಬುದ್ಧಿ ಹೇಳಿರಲಿಲ್ಲ.

ಇದರಿಂದ ಮನೆಗೆ ಬೇಕಾದ ಮೊದಲ ಪಾಠ ಹೊತ್ತಿನದು. ಬಹುಮಾನ ನಡವಳಿಕೆಯ ಬೆನ್ನಿಗೇ ಬರಬೇಕು. "ವಾರ ಪೂರ್ತಿ ಒಳ್ಳೆಯವನಾಗಿದ್ದರೆ ಭಾನುವಾರ ಪಿಜ್ಜಾ" ಅನ್ನುವುದು ಐದು ವರ್ಷದ ಮಗುವಿಗೆ ಬಹಳ ದೂರದ ಮಾತು. ಅದೂ ಅಲ್ಲದೆ "ಒಳ್ಳೆಯವನಾಗಿರುವುದು" ಅಂದರೆ ಏನು ಮಾಡಬೇಕು? ಬದಲಿಗೆ, ಮಗು ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಇಟ್ಟ ಆ ಕ್ಷಣ "ಚಪ್ಪಲಿ ನೀನೇ ಜೋಡಿಸಿಟ್ಟೆ, ಶಭಾಷ್" ಅನ್ನಿ. ಅಷ್ಟೇ ಸಾಕು. ಏನು ಮಾಡಿದ್ದಕ್ಕೆ ಹೊಗಳುತ್ತಿದ್ದೀರಿ ಅಂತ ಹೆಸರು ಹೇಳಬೇಕು. ಬರೀ "ಗುಡ್ ಬಾಯ್" ಯಾವುದಕ್ಕೂ ಅಂಟುವುದಿಲ್ಲ.

ಎರಡನೆಯದು ಮೆಟ್ಟಿಲು. ಎರಡು ನಿಮಿಷ ಕೂರದ ಮಗುವಿಗೆ "ಅರ್ಧ ಗಂಟೆ ಓದಿದರೆ ಬಹುಮಾನ" ಅಂದರೆ ಬಹುಮಾನ ಕೊಡುವ ದಿನವೇ ಬರುವುದಿಲ್ಲ. ಮೊದಲು ಮೂರು ನಿಮಿಷಕ್ಕೆ ಕೊಡಿ. ಅದು ಸಲೀಸಾದ ಮೇಲೆ ಐದಕ್ಕೆ. ಸ್ಕಿನ್ನರ್ ಪಾರಿವಾಳಗಳಿಗೆ ಟೇಬಲ್ ಟೆನಿಸ್ ಥರದ ಆಟ ಕಲಿಸಿದ್ದು ಹೀಗೇ, ಗುರಿಯ ಕಡೆಗೆ ಒಂದೊಂದು ಸಣ್ಣ ಹೆಜ್ಜೆಗೂ ಕಾಳು ಹಾಕುತ್ತಾ.

ಬಹುಮಾನ ಅಂದ ಕೂಡಲೇ ದುಡ್ಡು ಖರ್ಚಾಗುತ್ತದೆ ಅಂತ ಹೆದರಬೇಕಾಗಿಲ್ಲ. ಮಗು ತಾನಾಗಿಯೇ ಜಾಸ್ತಿ ಮಾಡುವ ಕೆಲಸವನ್ನು, ಅದು ಕಮ್ಮಿ ಮಾಡುವ ಕೆಲಸಕ್ಕೆ ಬಹುಮಾನವಾಗಿ ಇಡಬಹುದು ಅಂತ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ತೋರಿಸಿದರು. "ಏಳರ ಮಗ್ಗಿ ಹೇಳು, ಆಮೇಲೆ ಸೈಕಲ್ ತಗೋ." ನಮ್ಮ ಅಮ್ಮಂದಿರು ಪ್ರಿಮ್ಯಾಕ್ ಹೆಸರು ಕೇಳದೆಯೇ ಇದನ್ನು ಮಾಡಿಕೊಂಡು ಬಂದಿದ್ದಾರೆ. ಆದರೆ ಸರದಿ ತಿರುಗಿಸಿ "ಸರಿ, ಸೈಕಲ್ ಹೊಡೆದು ಬಂದು ಮಗ್ಗಿ ಹೇಳು" ಅಂದರೆ ಆ ಮಗ್ಗಿ ನಾಳೆಗೆ ಹೋಯಿತು.

ಇನ್ನು ಒಂದು ಎಚ್ಚರಿಕೆ. ಮಗು ಈಗಾಗಲೇ ಖುಷಿಯಿಂದ ಮಾಡುವ ಕೆಲಸಕ್ಕೆ ಬಹುಮಾನದ ಆಸೆ ತೋರಿಸಬೇಡಿ. ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು 1973ರಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳನ್ನು ನೋಡಿದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಆಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಕತೆ ಪುಸ್ತಕ ಓದುವ ಮಗುವಿಗೆ ಪುಟಕ್ಕೆ ಇಷ್ಟು ರೂಪಾಯಿ ಅಂತ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ. ಓದಲು ಒದ್ದಾಡುವ ಮಗುವಿನ ಮಾತು ಬೇರೆ. ಅದಕ್ಕೆ ಶುರುವಿನಲ್ಲಿ ಒಂದು ಆಸರೆ ಬೇಕು.

ಎಷ್ಟು ದಿನ ಕೊಡುವುದು? ಇಲ್ಲಿ ಸ್ಕಿನ್ನರ್ ತಾವೇ ಹೇಳಿಕೊಂಡ ಒಂದು ಪ್ರಸಂಗ ಇದೆ. ಇಲಿ ಸನ್ನೆಗೋಲು ಒತ್ತಿದಾಗಲೆಲ್ಲ ಒಂದು ಉಂಡೆ ತಿಂಡಿ ಬೀಳಬೇಕು. ಆ ಉಂಡೆಗಳನ್ನು ಅವರು ಕೈಯಾರೆ ಮಾಡುತ್ತಿದ್ದರು. ಒಂದು ಶನಿವಾರ ಲೆಕ್ಕ ಹಾಕಿದರೆ ಸೋಮವಾರದವರೆಗೆ ಸಾಲುವುದಿಲ್ಲ. ಹಾಗಾಗಿ ಪ್ರತಿ ಸಲ ಕೊಡದೆ, ನಿಮಿಷಕ್ಕೊಮ್ಮೆ ಮಾತ್ರ ಕೊಟ್ಟು ನೋಡಿದರು. ಇಲಿ ಒತ್ತುವುದನ್ನು ಬಿಡಲಿಲ್ಲ. ಈ ಜಾಡು ಹಿಡಿದು ಅವರು ಮತ್ತು ಚಾರ್ಲ್ಸ್ ಫರ್ಸ್ಟರ್ ಮಾಡಿದ ಕೆಲಸ 1957ರಲ್ಲಿ ದಪ್ಪ ಪುಸ್ತಕವಾಗಿ ಬಂತು. ಅದರ ತಿರುಳನ್ನು ಮನೆಗೆ ಇಳಿಸಿದರೆ ಇಷ್ಟು: ಹೊಸದನ್ನು ಕಲಿಸುವಾಗ ಪ್ರತಿ ಸಲ ಕೊಡಿ. ಕಲಿತ ಮೇಲೆ ಆಗೊಮ್ಮೆ ಈಗೊಮ್ಮೆ ಕೊಡಿ, ಯಾವಾಗ ಅಂತ ಗೊತ್ತಾಗದ ಹಾಗೆ. ಆಗ ಅದು ಗಟ್ಟಿಯಾಗಿ ನಿಲ್ಲುತ್ತದೆ. ರಮ್ಮಿ ಆ್ಯಪ್‌ಗಳಿಗೆ ಜನ ಅಂಟಿಕೊಂಡದ್ದೂ ರೀಲ್ಸ್‌ಗೆ ಅಂಟಿಕೊಳ್ಳುವುದೂ ಇದೇ ದಾರಿಯಲ್ಲಿ. ಮುಂದಿನ ಸಲ ಏನಾದರೂ ಸಿಕ್ಕೀತು ಅನ್ನುವುದು ಬೆರಳನ್ನು ಬಿಡುವುದಿಲ್ಲ.

ತೊಂದರೆ ತೆಗೆಯುವುದು: ಗೊತ್ತಿಲ್ಲದೆಯೇ ಎಲ್ಲರೂ ಬಳಸುವ ದಾರಿ

ಸೀಟ್ ಬೆಲ್ಟ್ ಹಾಕದೆ ಹೊರಟರೆ ಕಾರು ಕೀಂ ಕೀಂ ಅನ್ನುತ್ತದೆ. 2019ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಬೆಲ್ಟ್ ಹಾಕಿದ ಕೂಡಲೇ ಕಿರಿಕಿರಿ ನಿಲ್ಲುತ್ತದೆ, ಹಾಗಾಗಿ ಬೆಲ್ಟ್ ಹಾಕುವುದು ರೂಢಿಯಾಗುತ್ತದೆ. ಇದು ಶಿಕ್ಷೆ ಅಲ್ಲ, ಋಣಾತ್ಮಕ ಪುನರ್ಬಲನ. ಏನೋ ತೊಂದರೆ ಹೋಗಿದ್ದರಿಂದ ಒಂದು ನಡವಳಿಕೆ ಬೆಳೆಯಿತು.

ಆದರೆ ಇದರಲ್ಲೊಂದು ಸಂದು ಇದೆ. ಸದ್ದು ನಿಲ್ಲಿಸುವ ಯಾವ ಕೆಲಸವಾದರೂ ಸರಿ, ಅದು ಬೆಳೆಯುತ್ತದೆ. ಬೆಲ್ಟ್ ಹಾಕದೆ ಬರೀ ಕ್ಲಿಪ್ ಸಿಕ್ಕಿಸಿ ಸದ್ದು ಅಡಗಿಸುವುದೂ ಬೆಳೆಯಿತು. ಕೊನೆಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆ ಕ್ಲಿಪ್‌ಗಳನ್ನು ಮಾರಬೇಡಿ ಅಂತ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಡಬೇಕಾಯಿತು.

ಮನೆಯಲ್ಲಿ ಇದೇ ಆಟ ಹೇಗೆ ನಡೆಯುತ್ತದೆ ನೋಡಿ. ಮಗು ರಚ್ಚೆ ಹಿಡಿಯುತ್ತದೆ. ಅಮ್ಮನಿಗೆ ಅಡುಗೆ ಮನೆಯಲ್ಲಿ ಕುಕ್ಕರ್, ಕಿವಿಯಲ್ಲಿ ಅಳು. ಮೊಬೈಲ್ ಕೊಟ್ಟರು, ಅಳು ನಿಂತಿತು. ಅತ್ತರೆ ಮೊಬೈಲ್ ಸಿಗುತ್ತದೆ ಅಂತ ಮಗು ಕಲಿತದ್ದು ಎಲ್ಲರಿಗೂ ಕಾಣುತ್ತದೆ. ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ ಅಂತ ಅಮ್ಮ ಕಲಿತದ್ದು ಯಾರಿಗೂ ಕಾಣುವುದಿಲ್ಲ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಪಾಠ ಆಗಿದೆ. ಮಗುವಿಗೆ ಸಿಕ್ಕಿದ್ದು ಬಹುಮಾನ, ಅಮ್ಮನಿಗೆ ಸಿಕ್ಕಿದ್ದು ಬಿಡುಗಡೆ. ನಾಳೆ ಮಗು ಬೇಗ ಅಳುತ್ತದೆ, ಅಮ್ಮ ಬೇಗ ಕೊಡುತ್ತಾರೆ. "ಎಷ್ಟು ಹೇಳಿದರೂ ಮೊಬೈಲ್ ಕೊಡ್ತಾಳೆ" ಅಂತ ಸೊಸೆಯನ್ನು ದೂರುವವರು ಆ ಕುಕ್ಕರ್ ಮುಂದೆ ಒಂದು ಸಂಜೆ ನಿಂತು ನೋಡಬೇಕು. ಅಮ್ಮನಿಗೂ ಆ ಬಿಡುಗಡೆ ಬೇರೆ ರೀತಿಯಲ್ಲಿ ಸಿಗುವ ಹಾಗೆ ಮಾಡದೆ, ಅಂದರೆ ಆ ಅರ್ಧ ಗಂಟೆ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳದೆ, ಬರೀ ಉಪದೇಶದಿಂದ ಇದು ಬದಲಾಗುವುದಿಲ್ಲ.

ಈ ದಾರಿಯನ್ನು ಬೇಕಂತಲೇ ಬಳಸುವುದಾದರೆ ನಾನು ಒಂದೇ ಕಡೆ ಬಳಸಲು ಹೇಳುತ್ತೇನೆ: ಪಾಠದಿಂದ ತಪ್ಪಿಸಿಕೊಳ್ಳುವ ಮಗುವಿಗೆ. "ಐದು ಲೆಕ್ಕ ಮಾಡು, ಉಳಿದ ಎರಡು ಬಿಟ್ಟುಬಿಡೋಣ." ಕೆಲಸ ಮಾಡಿದ್ದಕ್ಕೇ ಕೆಲಸದಿಂದ ಬಿಡುವು. ಶಾಲೆಯಲ್ಲೂ ನಡೆಯುತ್ತದೆ.

ಸುಮ್ಮನಿರುವುದು: ಗಟ್ಟಿ ಗುಂಡಿಗೆ ಇದ್ದರೆ ಮಾತ್ರ

"ಅಳಲಿ ಬಿಡಿ, ತಾನೇ ಸುಮ್ಮನಾಗುತ್ತೆ." ಹೇಳುವುದಕ್ಕೆ ಬಹಳ ಸುಲಭವಾದ ದಾರಿ ಇದು. ಮಾಡುವುದಕ್ಕೆ ಇಷ್ಟು ಕಷ್ಟವಾದದ್ದು ಇನ್ನೊಂದಿಲ್ಲ.

1959ರಲ್ಲಿ ಕಾರ್ಲ್ ವಿಲಿಯಮ್ಸ್ ಬರೆದ ಒಂದು ಪುಟ್ಟ ವರದಿ ಇದೆ. 21 ತಿಂಗಳ ಒಂದು ಗಂಡು ಮಗು. ತುಂಬಾ ದಿನ ಕಾಯಿಲೆ ಬಿದ್ದು ಎದ್ದಿತ್ತು, ಆ ಹೊತ್ತಿನಲ್ಲಿ ಎಲ್ಲರ ಆರೈಕೆ ಪಡೆದಿತ್ತು. ಈಗ ಹುಷಾರಾದರೂ ಮಲಗಿಸಿದವರು ಕೋಣೆ ಬಿಟ್ಟರೆ ಕಿರುಚಾಟ. ನಿದ್ದೆ ಹತ್ತುವವರೆಗೆ ಯಾರಾದರೂ ಪಕ್ಕದಲ್ಲೇ ಕೂರಬೇಕು. ವೈದ್ಯರು ಮಗು ಆರೋಗ್ಯವಾಗಿದೆ ಅಂದ ಮೇಲೆ ಮನೆಯವರು ಒಂದು ತೀರ್ಮಾನ ಮಾಡಿದರು. ನಿಧಾನವಾಗಿ, ಪ್ರೀತಿಯಿಂದ ಮಲಗಿಸುವುದು, ಬಾಗಿಲು ಹಾಕಿ ಹೊರಗೆ ಬರುವುದು, ಮತ್ತೆ ಒಳಗೆ ಹೋಗದಿರುವುದು. ಮೊದಲ ಸಲ 45 ನಿಮಿಷ ಅತ್ತಿತು. ಎರಡನೇ ಸಲ ಅಳಲೇ ಇಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಅತ್ತು, ಹತ್ತನೇ ಸಲದ ಹೊತ್ತಿಗೆ ನಗುತ್ತಾ ಮಲಗುವ ಹಾಗಾಯಿತು.

ಮುಖ್ಯ ಕತೆ ಇದಾದ ಮೇಲಿದೆ. ಸುಮಾರು ಒಂದು ವಾರ ಬಿಟ್ಟು ಒಂದು ರಾತ್ರಿ ಮಗುವಿನ ಅತ್ತೆ ಮಲಗಿಸಿದರು. ಮಗು ಅತ್ತಿತು. ಅತ್ತೆ ಕರುಳು ಕೇಳಲಿಲ್ಲ, ವಾಪಸ್ ಒಳಗೆ ಹೋಗಿ ನಿದ್ದೆ ಹತ್ತುವವರೆಗೆ ಕೂತರು. ಅಷ್ಟೇ, ಕಿರುಚಾಟ ಪೂರ್ತಿ ವಾಪಸ್ ಬಂತು. ಮನೆಯವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು, ಅಳು ಅಡಗಲು ಮತ್ತೆ ಒಂಬತ್ತು ಸಲ ಹಿಡಿಯಿತು. ನಮ್ಮ ಕೂಡುಕುಟುಂಬಗಳಲ್ಲಿ ಅತ್ತೆ, ಅಜ್ಜಿ, ಚಿಕ್ಕಪ್ಪ, ಕೆಲಸಕ್ಕೆ ಬರುವ ಅಕ್ಕ ಎಲ್ಲರೂ ಇದ್ದಾರೆ. ಎಲ್ಲರನ್ನೂ ಕೂರಿಸಿ ಒಪ್ಪಿಸದೆ ಈ ದಾರಿಗೆ ಇಳಿಯಲೇಬೇಡಿ. ಹತ್ತು ದಿನಕ್ಕೊಮ್ಮೆ ಯಾರೋ ಒಬ್ಬರು ಕರಗಿದರೆ, ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನ ಆಯಿತು. ಅದು ಹಟವನ್ನು ಇನ್ನೂ ಗಟ್ಟಿ ಮಾಡುತ್ತದೆ ಅಂತ ಈಗಷ್ಟೇ ನೋಡಿದೆವು.

ಇನ್ನೊಂದು, ಕಮ್ಮಿಯಾಗುವ ಮೊದಲು ಜಾಸ್ತಿಯಾಗಬಹುದು. ಟಿವಿ ರಿಮೋಟ್ ಕೆಲಸ ಮಾಡದಿದ್ದರೆ ನಾವೇನು ಮಾಡುತ್ತೇವೆ? ಅದೇ ಬಟನ್ ಇನ್ನೂ ಜೋರಾಗಿ ಒತ್ತುತ್ತೇವೆ, ಕೈಗೆ ಬಡಿಯುತ್ತೇವೆ. ಮಗುವೂ ಹಾಗೆಯೇ. ಅಂಗಡಿ ಮುಂದೆ ಅತ್ತರೆ ಸಿಗಲಿಲ್ಲ ಅಂದರೆ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದಾಗ ನೀವು ಸೋತು ಕೊಟ್ಟರೆ, ನಾಳೆಯಿಂದ ಶುರುವೇ ನೆಲದಿಂದ. ಅಂಗಡಿ ಮುಂದೆ ಹತ್ತು ಜನ ನೋಡುತ್ತಿರುವಾಗ ತಡೆದುಕೊಳ್ಳುವ ಶಕ್ತಿ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿದ್ದರೆ, ಅಳು ಶುರುವಾಗುವ ಮೊದಲೇ ಕೊಟ್ಟುಬಿಡುವುದು ವಾಸಿ. ಕೊನೇಪಕ್ಷ ಉರುಳಾಟಕ್ಕೆ ಬಹುಮಾನ ಆಗುವುದಿಲ್ಲ.

ಎಲ್ಲಿ ಬೇಡ? ತಲೆ ಗೋಡೆಗೆ ಚಚ್ಚಿಕೊಳ್ಳುವ, ಇನ್ನೊಬ್ಬರಿಗೆ ಕಚ್ಚುವ, ರಸ್ತೆಗೆ ಓಡುವ ಮಗುವಿನ ವಿಷಯದಲ್ಲಿ ಬೇಡ. ಅಲ್ಲಿ ಕಾಯುವುದಕ್ಕೆ ಪುರುಸೊತ್ತಿಲ್ಲ. ಮತ್ತೆ, ಗಮನಕ್ಕಾಗಿ ಮಾಡುತ್ತಿಲ್ಲದ ಮಗುವಿನ ಕಡೆ ನೋಡದಿದ್ದರೆ ಏನೂ ಆಗುವುದಿಲ್ಲ. ಹೆಬ್ಬೆಟ್ಟು ಚೀಪುವ ಮಗುವಿಗೆ ನೀವು ನೋಡಿದರೇನು, ಬಿಟ್ಟರೇನು?

ಶಿಕ್ಷೆ: ಬೇಗ ಕೆಲಸ ಮಾಡಿದ ಹಾಗೆ ಕಾಣುತ್ತದೆ

ಹೊಡೆಯುವುದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಬಿಡೋಣ. ಶಾಲೆಯಲ್ಲಂತೂ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಸ್ಕಿ ಹೊಡೆಸುವುದು, ಬೆತ್ತ, ಮೊಣಕಾಲೂರಿಸುವುದು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಕಾಯ್ದೆಯನ್ನು ಪಕ್ಕಕ್ಕಿಟ್ಟು ಬರೀ ಕಲಿಕೆಯ ಲೆಕ್ಕದಲ್ಲಿ ನೋಡಿದರೂ ಪೆಟ್ಟು ಒಳ್ಳೆಯ ಉಪಾಯವಲ್ಲ. ಏನು ಮಾಡಬಾರದು ಅಂತ ಮಾತ್ರ ಅದು ಹೇಳುತ್ತದೆ, ಏನು ಮಾಡಬೇಕು ಅಂತ ಹೇಳುವುದಿಲ್ಲ. ಹೊಡೆಯುವವರು ಎದುರಿಗಿದ್ದಾಗ ನಿಲ್ಲುತ್ತದೆ, ಅವರು ಆಚೆ ಹೋದರೆ ಶುರು. ಮೇಷ್ಟ್ರ ಬೈಕಿನ ಸದ್ದು ಕೇಳಿದ ಕೂಡಲೇ ಶಾಂತವಾಗುವ ತರಗತಿಯನ್ನು ಯಾರು ನೋಡಿಲ್ಲ? ಇನ್ನು ಹೊಡೆದ ಅಪ್ಪನಿಗೆ ತಕ್ಷಣ ಸಿಗುವ ಮೌನ ಅಪ್ಪನಿಗೇ ಬಹುಮಾನ. ಹಾಗಾಗಿ ಹೊಡೆಯುವ ಕೈ ಹೊಡೆಯುತ್ತಲೇ ಇರುತ್ತದೆ.

ಉಳಿದದ್ದು, ಇರುವುದನ್ನು ತೆಗೆಯುವ ಶಿಕ್ಷೆ. ದಂಡ, ಆಟದಿಂದ ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು, ಕಾರ್ಟೂನ್ ಹೊತ್ತು ಕಡಿತ. ಇವು ಕೆಲವು ಕಡೆ ಸರಿ. ಆದರೆ ದಂಡದ ವಿಷಯದಲ್ಲಿ ಇಸ್ರೇಲಿನ ಹೈಫಾ ಊರಿನ ಒಂದು ಪ್ರಯೋಗ ನೆನಪಿಡಬೇಕು. ಯೂರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಅದನ್ನು ಪ್ರಕಟಿಸಿದರು. 10 ಶಿಶುವಿಹಾರಗಳಲ್ಲಿ ಅಪ್ಪ ಅಮ್ಮ ಮಗುವನ್ನು ಕರೆದೊಯ್ಯಲು ತಡವಾಗಿ ಬರುತ್ತಿದ್ದರು. 6 ಕಡೆ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರು ಕಮ್ಮಿಯಾಗಲಿಲ್ಲ, ಸುಮಾರು ಎರಡರಷ್ಟಾದರು. ಮುಂಚೆ ಟೀಚರ್ ಕಾಯುತ್ತಾರಲ್ಲ ಅನ್ನುವ ಸಂಕೋಚ ಇತ್ತು. ಈಗ ದುಡ್ಡು ಕೊಟ್ಟ ಮೇಲೆ ಸಂಕೋಚ ಯಾಕೆ? ದಂಡ ತೆಗೆದ ಮೇಲೂ ಜನ ಮೊದಲಿನ ಹಾಗೆ ಆಗಲಿಲ್ಲ.

ನಮ್ಮ ಟ್ರಾಫಿಕ್ ದಂಡದ ಕತೆ ಇನ್ನೊಂದು ಥರ. ಸಿಗ್ನಲ್ ಹಾರಿದ್ದು ಇವತ್ತು, ನೋಟಿಸು ಬರುವುದು ಇನ್ಯಾವತ್ತೋ. ಕಟ್ಟದೆ ಬಿಟ್ಟರೆ ಬಾಕಿ ಬೆಳೆಯುತ್ತದೆ, ಅಷ್ಟರಲ್ಲಿ ರಿಯಾಯಿತಿ ಬರುತ್ತದೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. ಖಜಾನೆಗೆ ಒಳ್ಳೆಯದೇ ಆಯಿತು. ಸಿಗ್ನಲ್ಲಿನಲ್ಲಿ ನಿಲ್ಲುವುದನ್ನು ಮಾತ್ರ ಅದು ಕಲಿಸಲಾರದು, ಯಾಕೆಂದರೆ ತಡವಾಗಿ ಬಂದು ಅರ್ಧಕ್ಕೆ ಇಳಿಯುವ ದಂಡ ತಪ್ಪಿಗೂ ಶಿಕ್ಷೆಗೂ ನಂಟು ಉಳಿಸುವುದಿಲ್ಲ. "ಅಪ್ಪ ಸಂಜೆ ಬರಲಿ, ಹೇಳ್ತೀನಿ" ಅನ್ನುವುದೂ ಇದೇ ಸಾಲಿನದು. ಬೆಳಗ್ಗೆಯ ತಪ್ಪಿಗೆ ಸಂಜೆ ಬೈಸಿಕೊಂಡ ಮಗು, ಅಪ್ಪ ಮನೆಗೆ ಬರುವುದನ್ನೇ ಬೇಡ ಅನ್ನಲು ಕಲಿಯುತ್ತದೆ.

ಹೊರಗೆ ಕೂರಿಸುವುದಾದರೆ ಚಿಕ್ಕದಾಗಿ, ತಕ್ಷಣ, ಭಾಷಣ ಇಲ್ಲದೆ ಮಾಡಿ. ಆಟ ಚೆನ್ನಾಗಿ ನಡೆಯುತ್ತಿದ್ದಾಗ ಮಾತ್ರ ಅದು ಶಿಕ್ಷೆ. ಬೇಸರದ ಪಾಠದಿಂದ ಹೊರಗೆ ಹಾಕಿದರೆ ಏನಾಗುತ್ತದೆ ಅಂತ ಆ ಬೆಂಚು ಬಡಿಯುವ ಹುಡುಗ ತೋರಿಸಿದ್ದಾನೆ.

ಬದಲಿ ಕಲಿಸುವುದು: ಹೆಚ್ಚಿನ ಮನೆಗಳಿಗೆ ಇದೇ ಸರಿ

ನನ್ನ ಮಟ್ಟಿಗೆ ಹೆಚ್ಚಿನ ಹಟಗಳಿಗೆ ಇದು ಸರಿಯಾದ ದಾರಿ, ಆದರೆ ಕಮ್ಮಿ ಜನ ಹಿಡಿಯುವ ದಾರಿ. ಮಗುವಿಗೆ ಏನು ಬೇಕೋ ಅದನ್ನು ಕೇಳುವ ಸಭ್ಯ ರೀತಿಯೊಂದನ್ನು ಕಲಿಸಿ, ಆ ರೀತಿ ಕೇಳಿದಾಗ ಬೇಗ ಕೊಡುವುದು. ಹಳೆಯ ರೀತಿಯಲ್ಲಿ ಕೇಳಿದರೆ ಕೊಡದಿರುವುದು.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ 1985ರಲ್ಲಿ ಬೆಳವಣಿಗೆಯ ತೊಂದರೆ ಇದ್ದ ನಾಲ್ಕು ಮಕ್ಕಳ ಜೊತೆ ಇದನ್ನು ಮಾಡಿದರು. ಕಷ್ಟದ ಕೆಲಸ ಬಂದಾಗ ಗಲಾಟೆ ಮಾಡುವವರಿಗೆ "ನನಗೆ ಅರ್ಥ ಆಗಲಿಲ್ಲ" ಅಂತ ಹೇಳಲು ಕಲಿಸಿದರು. ಹೇಳಿದ ಕೂಡಲೇ ಟೀಚರ್ ಬಂದು ಸಹಾಯ ಮಾಡುತ್ತಿದ್ದರು. ಗಮನಕ್ಕಾಗಿ ಮಾಡುವವರಿಗೆ "ನಾನು ಚೆನ್ನಾಗಿ ಮಾಡ್ತಿದ್ದೀನಾ?" ಅಂತ ಕೇಳಲು ಕಲಿಸಿದರು. ಗಲಾಟೆ ಇಳಿಯಿತು. ಆದರೆ ಮಾತುಗಳನ್ನು ಅದಲು ಬದಲು ಮಾಡಿ, ಗಮನ ಬೇಕಾದವರಿಗೆ ಸಹಾಯದ ಮಾತು ಕಲಿಸಿದಾಗ ಇಳಿಯಲಿಲ್ಲ. ಅದಕ್ಕೇ ಆ ಮೂರು ಸಾಲಿನ ನೋಟ್‌ಬುಕ್ ಮೊದಲು.

ಮನೆಯಲ್ಲಿ ಹೀಗೆ ಮಾಡಬಹುದು. ಹೋಮ್‌ವರ್ಕ್ ಕಂಡರೆ ಪುಸ್ತಕ ಎಸೆಯುವ ಮಗುವಿಗೆ ಎರಡು ಬೆರಳು ಎತ್ತಿ "ಎರಡು ನಿಮಿಷ ಬಿಡುವು" ಕೇಳಲು ಹೇಳಿಕೊಡಿ. ಗಲಾಟೆ ಇಲ್ಲದ ಹೊತ್ತಿನಲ್ಲಿ, ಆಟದ ಹಾಗೆ, ನಾಲ್ಕೈದು ಸಲ ಮಾಡಿಸಿ. ಶುರುವಿನಲ್ಲಿ ಕೇಳಿದಾಗಲೆಲ್ಲ ಕೊಡಿ, ಲೆಕ್ಕ ಇಡಬೇಡಿ. "ಹೀಗಾದರೆ ಓದೋದು ಯಾವಾಗ?" ಅಂತ ಅನ್ನಿಸುತ್ತದೆ, ಸಹಜ. ಬೆರಳು ಎತ್ತುವುದು ಎಸೆಯುವುದಕ್ಕಿಂತ ಸುಲಭ ಅಂತ ಮಗುವಿಗೆ ಖಾತ್ರಿಯಾದ ಮೇಲೆ "ಈ ಒಂದು ಲೆಕ್ಕ ಮುಗಿಸಿ ತಗೋ" ಅನ್ನಬಹುದು. ಆಮೇಲೆ ಎರಡು ಲೆಕ್ಕ.

ಭಯ ಆದರೆ ಇದ್ಯಾವುದೂ ಬೇಡ

ದಂತವೈದ್ಯರ ಕುರ್ಚಿ ಕಂಡರೆ ಕಿರುಚುವ ಮಗು, ದೀಪಾವಳಿ ಪಟಾಕಿಗೆ ಮಂಚದಡಿ ಸೇರುವ ನಾಯಿ. ಇವರು ಏನನ್ನೋ ಪಡೆಯಲು ಅದನ್ನು ಮಾಡುತ್ತಿಲ್ಲ. ಇದು ಪಾವ್ಲೋವ್ ಕಡೆಯ ಕಲಿಕೆ. ಊಟದ ಜೊತೆ ಸದ್ದು ಕೇಳಿ ಕೇಳಿ ಅವನ ನಾಯಿ ಬರೀ ಸದ್ದಿಗೇ ಜೊಲ್ಲು ಸುರಿಸುತ್ತಿತ್ತಲ್ಲ, ಹಾಗೆ. ಒಂದರ ಜೊತೆ ಇನ್ನೊಂದು ಬಂದು ಬಂದು ನಂಟು ಬೆಳೆದಿದೆ. 1920ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ 11 ತಿಂಗಳ ಒಂದು ಮಗುವಿಗೆ ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಉಕ್ಕಿನ ಸರಳು ಬಡಿದು ಇಲಿಯ ಭಯ ಹುಟ್ಟಿಸಿದರು. ಆ ಭಯವನ್ನು ತೆಗೆಯದೇ ಬಿಟ್ಟರು. ಇವತ್ತು ಯಾವ ನೀತಿ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ತಿರುಗಾ ಮುರುಗಾ ಮಾಡಿದರು. ಪೀಟರ್ ಅನ್ನುವ ಹುಡುಗನಿಗೆ ಮೊಲ ಕಂಡರೆ ಆಗುತ್ತಿರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿ ಇಟ್ಟರು. ಅವನು ಅಳದಷ್ಟು ದೂರ ಅನ್ನುವುದೇ ಅಳತೆ. ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ.

ಭಯಕ್ಕೆ ಈ ದಾರಿ ಹಿಡಿಯಿರಿ. ಹೆದರಿದ ಮಗುವಿಗೆ ಬೈದರೆ ಹೆದರಿಕೆಗೆ ಇನ್ನೊಂದು ಹೆದರಿಕೆ ಸೇರಿತು. ಎತ್ತಿಕೊಂಡು ಸಮಾಧಾನ ಮಾಡಿದರೆ ಭಯ ಬೆಳೆಯುತ್ತದೆ ಅನ್ನುವ ಚಿಂತೆ ಬಿಟ್ಟುಬಿಡಿ.

ಆರಿಸಿದ ಮೇಲೆ

ಒಂದು ಸಲಕ್ಕೆ ಒಂದೇ ನಡವಳಿಕೆ, ಒಂದೇ ದಾರಿ. ಎಣಿಸಬಹುದಾದ ಹಾಗೆ ಹೇಳಿಕೊಳ್ಳಿ. "ಸರಿಯಾಗಿ ಊಟ ಮಾಡಲ್ಲ" ಬೇಡ. "ತಟ್ಟೆ ಬಿಟ್ಟು ಎದ್ದು ಓಡುವುದು, ಒಂದು ಊಟಕ್ಕೆ ಎಷ್ಟು ಸಲ" ಅಂತಿರಲಿ. ಶುರು ಮಾಡುವ ಮುಂಚೆ ಮೂರ್ನಾಲ್ಕು ದಿನ ಬರೀ ಎಣಿಸಿ, ಕ್ಯಾಲೆಂಡರ್ ಮೇಲೆ ಗೀಟು ಹಾಕಿದರೂ ಆಯಿತು. ಆಮೇಲೆ ಎರಡು ವಾರ ಬಿಡದೆ ಮಾಡಿ. ಗೀಟು ಕಮ್ಮಿಯಾಗದಿದ್ದರೆ ಮಗುವನ್ನು ಬೈಯುವ ಮುಂಚೆ ಮೂರನೇ ಸಾಲನ್ನು ಮತ್ತೆ ಓದಿ. ಅದಕ್ಕೆ ಸಿಗುತ್ತಿರುವುದು ಬೇರೆ ಏನೋ ಇರಬೇಕು, ಅಥವಾ ಮನೆಯಲ್ಲಿ ಯಾರೋ ಗುಟ್ಟಾಗಿ ಕೊಡುತ್ತಿರಬೇಕು.

ಮಗು ಮೈಗೆ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಮಾತು ತಡವಾಗಿದ್ದರೆ, ಕಲಿತದ್ದು ಮರೆತುಹೋಗುತ್ತಿದ್ದರೆ ಮನೆಮದ್ದು ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮಾತು, ಕೇಳಿಸಿಕೊಳ್ಳುವಿಕೆಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಖಾಸಗಿ ಥೆರಪಿ ಕೇಂದ್ರಕ್ಕೆ ಹೋದರೆ ಫೀಸು ಕೇಳುವ ಮೊದಲು ಮೂರು ವಿಷಯ ಕೇಳಿ. ಈ ನಡವಳಿಕೆಯಿಂದ ನನ್ನ ಮಗುವಿಗೆ ಏನು ಸಿಗುತ್ತಿದೆ ಅಂತ ಹೇಗೆ ಪತ್ತೆ ಮಾಡುತ್ತೀರಿ? ಮಗು ಬೇಡ ಅಂದರೆ ಏನು ಮಾಡುತ್ತೀರಿ? ಥೆರಪಿ ನಡೆಯುವಾಗ ನಾನು ಒಳಗೆ ಕೂತು ನೋಡಬಹುದಾ? ಮೂರನೆಯದಕ್ಕೆ "ಇಲ್ಲ" ಅಂದರೆ ಇನ್ನೊಂದು ಕೇಂದ್ರ ನೋಡಿ.